ಕಹಳೆಯಿಂದ ಕೌದಿಯವರೆಗೆ: ಮನೆಯಲ್ಲೇ ಹಾಡು ಹಿಡಿದಿಟ್ಟವರ ಚರಿತ್ರೆ

ಮುಂಬೈಯ ಒಂದು ಕೋಣೆಯ ಮನೆಯಲ್ಲೋ, ಪುಣೆಯ ಪೀಜಿಯಲ್ಲೋ, ಹೈದರಾಬಾದಿನ ಹತ್ತನೇ ಮಹಡಿಯ ಫ್ಲ್ಯಾಟಿನಲ್ಲೋ ರಾತ್ರಿ ಹನ್ನೊಂದರ ಮೇಲೆ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಪುಸ್ತಕಕ್ಕೆ ಒರಗಿಸಿ ಒಂದು ಭಾವಗೀತೆ ಹಾಡಿ ರೆಕಾರ್ಡ್ ಮಾಡಿಕೊಳ್ಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬೇಕಾಗಿರಬಹುದು, ಊರಿನಲ್ಲಿರುವ ಅಮ್ಮನಿಗೆ ಕಳಿಸಲಿಕ್ಕಿರಬಹುದು, ಸುಮ್ಮನೆ ತಮಗಾಗಿಯೇ ಇರಬಹುದು. ಹಾಡಿದ್ದನ್ನು ಕೇಳಿದೊಡನೆ ಹೊರಡುವ ಮಾತು ಮಾತ್ರ ಎಲ್ಲರದೂ ಒಂದೇ: "ಅಯ್ಯೋ, ಇದು ನನ್ನ ದನಿಯೇ?" ಮರುಕ್ಷಣ ಅದನ್ನು ಅಳಿಸಿಬಿಡುತ್ತಾರೆ.

ಇಲ್ಲಿ ಎರಡು ದೂರುಗಳಿವೆ. ಸದ್ದು ಚೆನ್ನಾಗಿಲ್ಲ ಎನ್ನುವುದು ಒಂದು, ಧೈರ್ಯ ಸಾಲದು ಎನ್ನುವುದು ಇನ್ನೊಂದು. ಮೊದಲನೆಯದು ಯಂತ್ರದ ಸಮಸ್ಯೆ, ಎರಡನೆಯದು ಮನಸ್ಸಿನ ಸಮಸ್ಯೆ ಎಂದು ನಾವು ಬೇರೆ ಬೇರೆ ಇಟ್ಟುಕೊಂಡಿದ್ದೇವೆ. ಧ್ವನಿಮುದ್ರಣದ ಸುಮಾರು ಒಂದೂವರೆ ಶತಮಾನದ ಕಥೆಯನ್ನು ನೋಡಿದರೆ ಇವೆರಡೂ ಯಾವತ್ತೂ ಬೇರೆಯಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಹಾಡುವವನ ಮುಂದೆ ಎಂಥ ಯಂತ್ರ ಇದೆ, ಅದು ಎಲ್ಲಿದೆ, ತಪ್ಪಿದರೆ ಇನ್ನೊಮ್ಮೆ ಹಾಡಲು ಬಿಡುತ್ತದೋ ಇಲ್ಲವೋ ಎಂಬುದರ ಮೇಲೆಯೇ ಅವನ ಧೈರ್ಯ ನಿಂತಿತ್ತು.

ಮೊದಲ ಯಂತ್ರ ಮನೆಯದೇ

1877ರಲ್ಲಿ ಥಾಮಸ್ ಎಡಿಸನ್ ತಯಾರಿಸಿದ ಫೋನೋಗ್ರಾಫು ಹಾಡನ್ನು ಕೇಳಿಸುವುದಷ್ಟೇ ಅಲ್ಲ, ಹಿಡಿದಿಡಲೂ ಬಲ್ಲದಾಗಿತ್ತು. ಮುಂದೆ 1890ರ ದಶಕದಲ್ಲಿ ಮನೆಬಳಕೆಗೆಂದೇ ಮಾರಾಟಕ್ಕೆ ಬಂದ ಫೋನೋಗ್ರಾಫುಗಳಲ್ಲೂ ಈ ಗುಣ ಉಳಿದುಕೊಂಡಿತು. ಖಾಲಿ ಮೇಣದ ಸಿಲಿಂಡರು ಕೊಂಡು ತಂದು, ಕಹಳೆಯೊಳಗೆ ಮಗುವಿನ ಮಾತನ್ನೋ ಅಜ್ಜನ ಹಾಡನ್ನೋ ತುಂಬಿಸಬಹುದಿತ್ತು. ಬೇಡವೆನಿಸಿದರೆ ಮೇಣದ ಮೇಲ್ಪದರವನ್ನು ಹೆರೆದು ಹಾಕಿ ಮತ್ತೆ ಬಳಸಬಹುದಿತ್ತು. ಅಂದರೆ ಮನೆಯಲ್ಲಿ ರೆಕಾರ್ಡ್ ಮಾಡುವುದು ನಮ್ಮ ಕಾಲದ ಹೊಸ ಹುಚ್ಚಲ್ಲ. ಈ ವಿದ್ಯೆ ಶುರುವಾದದ್ದೇ ಹಾಗೆ.

ಅದನ್ನು ಮನೆಯಿಂದ ಕಿತ್ತುಕೊಂಡದ್ದು ಎಮಿಲ್ ಬರ್ಲಿನರನ ಗ್ರಾಮಫೋನು. ಅದರ ತಟ್ಟೆಗಳನ್ನು ಒಂದು ಅಚ್ಚಿನಿಂದ ಸಾವಿರಾರು ಸಂಖ್ಯೆಯಲ್ಲಿ ಒತ್ತಬಹುದಿತ್ತು, ಅಗ್ಗದಲ್ಲಿ ಮಾರಬಹುದಿತ್ತು. ಆದರೆ ಮನೆಯಲ್ಲಿದ್ದ ಯಂತ್ರಕ್ಕೆ ತಟ್ಟೆಯನ್ನು ನುಡಿಸಲು ಬರುತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ವ್ಯಾಪಾರದಲ್ಲಿ ತಟ್ಟೆ ಗೆದ್ದಿತು. ಕಲ್ಕತ್ತದಲ್ಲಿ ಹೇಮೇಂದ್ರ ಮೋಹನ್ ಬೋಸ್ ಅವರು ಸ್ವದೇಶಿ ಚಳವಳಿಯ ದಿನಗಳಲ್ಲಿ ಸಿಲಿಂಡರುಗಳ ಮೇಲೆ ರವೀಂದ್ರನಾಥ ಟಾಗೋರರ ದನಿಯನ್ನು ಹಿಡಿದಿಟ್ಟರಾದರೂ, ಸಿಲಿಂಡರಿನ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಹಾಡುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ ಎಂಬ ಗೋಡೆ ಆಗ ಎದ್ದಿತು. "ನಾನು ರೆಕಾರ್ಡಿಗೆ ತಕ್ಕವನಲ್ಲ" ಎಂಬ ಅಳುಕು ಹುಟ್ಟಿದ್ದೂ ಆ ಗೋಡೆಯ ನೆರಳಿನಲ್ಲೇ.

ಹೋಟೆಲ್ ಕೋಣೆಯಲ್ಲಿ ಗೌಹರ್ ಜಾನ್

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಮುದ್ರಣಕ್ಕೆ ಕೂತಾಗ ಅಲ್ಲಿ ಸ್ಟುಡಿಯೋ ಎಂಬುದೇ ಇರಲಿಲ್ಲ. ಹೋಟೆಲಿನ ಒಂದು ದೊಡ್ಡ ಕೋಣೆಯೇ ಸ್ಟುಡಿಯೋ ಆಯಿತು. ಗೋಡೆಗೆ ಒಂದು ಕಹಳೆ; ಅದರ ಅಗಲವಾದ ಬಾಯಿ ಹಾಡುವವರ ಕಡೆಗೆ, ಕಿರಿದಾದ ತುದಿ ಮೇಣದ ತಟ್ಟೆಯ ಮೇಲಿನ ಸೂಜಿಯ ಕಡೆಗೆ. ಕರೆಂಟಿಲ್ಲ, ಮೈಕಿಲ್ಲ. ಸೂಜಿಯನ್ನು ಅಲುಗಿಸುವಷ್ಟು ಶಕ್ತಿ ಗಂಟಲಿನಿಂದಲೇ ಹೊರಡಬೇಕು. ಮೆಲ್ಲಗೆ ಹಾಡಿದರೆ ತಟ್ಟೆಯ ಮೇಲೆ ಏನೂ ಬೀಳದು, ತಾರಕದಲ್ಲಿ ಕಹಳೆಗೆ ತೀರ ಹತ್ತಿರವಿದ್ದರೆ ಸದ್ದು ಒಡೆದುಹೋಗುತ್ತದೆ. ಆದ್ದರಿಂದ ಹಾಡುವವರು ಮಂದ್ರದಲ್ಲಿ ಮುಂದೆ ಬಾಗಬೇಕು, ತಾರದಲ್ಲಿ ಹಿಂದೆ ಸರಿಯಬೇಕು. ಇದೆಲ್ಲವನ್ನೂ ಎರಡು ಮೂರು ನಿಮಿಷದೊಳಗೆ ಮುಗಿಸಬೇಕು. ತಪ್ಪಿದರೆ ತಿದ್ದುವ ಮಾತಿಲ್ಲ, ಆ ಮೇಣ ಹಾಳು.

ಗೌಹರ್ ಜಾನ್ ಈ ಕಹಳೆಯ ಮುಂದೆ ನಿಂತು ಗೆದ್ದರು. ಮೆಹಫಿಲಿನಲ್ಲಿ ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಮೂರು ನಿಮಿಷದ ಅಳತೆಗೆ ಕತ್ತರಿಸಿಕೊಳ್ಳುವ ಕಲೆಯನ್ನು ಅವರೇ ರೂಢಿಸಿಕೊಂಡರು. ಪೀಠಿಕೆಯಿಲ್ಲದೆ ಬಂದಿಶ್ ಎತ್ತುವುದು, ಎಲ್ಲಿ ತಾನು ಬಿಡಬೇಕು, ಎಲ್ಲಿ ಮುಗಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಬರುವುದು, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುವುದು, ಇವೆಲ್ಲ ಅದರಲ್ಲಿ ಸೇರಿದ್ದವು. ಹೆಸರು ಹೇಳುವುದು ಜಂಬಕ್ಕಲ್ಲ. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ತಟ್ಟೆ ಯಾರದು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಪ್ರತಿ ಸಲ ಮುದ್ರಣಕ್ಕೆ ಬರುವಾಗಲೂ ಆಕೆ ಹೊಸ ಉಡುಪು, ಹೊಸ ಒಡವೆ ತೊಟ್ಟು ಬರುತ್ತಿದ್ದುದನ್ನು ಗೈಸ್‌ಬರ್ಗ್ ತನ್ನ ನೆನಪುಗಳಲ್ಲಿ ಬೆರಗಿನಿಂದ ದಾಖಲಿಸಿದ್ದಾನೆ. ರೆಕಾರ್ಡಿನಲ್ಲಿ ಒಡವೆ ಕಾಣಿಸುವುದಿಲ್ಲ. ಆದರೆ ಕಹಳೆಯ ಮುಂದೆ ನಿಲ್ಲುವವರಿಗೆ ಅದು ಕಛೇರಿಯೇ ಎಂಬ ಭಾವ ಬೇಕು, ಅದನ್ನು ಆಕೆ ಬಲ್ಲವರಾಗಿದ್ದರು.

ಈ ಗೌಹರ್ ಜಾನ್ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯ ಪಡೆದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಬದುಕಿನ ಕೊನೆಗೆ ಸಂಪತ್ತು ಕರಗಿತ್ತು. ಕಹಳೆಯ ಮುಂದೆ ಹಾಡಿದ ತಟ್ಟೆಗಳು ಮಾತ್ರ ಇವತ್ತಿಗೂ ಕೇಳಿಸುತ್ತಿವೆ.

ಹಾಡದೆ ಹೋದವರು, ಹಾಡಿ ಉಳಿದವರು

ಎಲ್ಲರೂ ಹಾಗೆ ಒಪ್ಪಲಿಲ್ಲ. ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು ರೆಕಾರ್ಡು ಕೊಡಲಿಲ್ಲ. ಧಾರವಾಡದಲ್ಲಿ ಕೆಲಕಾಲ ಸಂಗೀತ ಕಲಿಸಿದ್ದ ಭಾಸ್ಕರಬುವಾ ಬಖಲೆಯವರ ದನಿಯೂ ನಮಗೆ ದಕ್ಕಲಿಲ್ಲ. ವಿದ್ಯೆ ಕದ್ದುಹೋದೀತೆಂಬ ಭಯ, ಮೂರು ನಿಮಿಷದಲ್ಲಿ ರಾಗಕ್ಕೆ ಅಪಚಾರವಾದೀತೆಂಬ ಅಂಜಿಕೆ, ಯಂತ್ರದಿಂದ ಕಂಠ ಕೆಟ್ಟೀತೆಂಬ ನಂಬಿಕೆ, ಹೀಗೆ ಆ ಕಾಲದ ಗವಾಯಿಗಳು ಹಿಂಜರಿಯಲು ಕಾರಣಗಳು ಹಲವು. ಅವರ ಹಿಂಜರಿಕೆಗೆ ಗೌರವ ಕೊಡೋಣ. ಆದರೆ ಲೆಕ್ಕ ಹೇಳದೆ ಇರಲಾಗದು. ಅಲ್ಲಾದಿಯಾ ಖಾನರ ಗಾಯನ ಹೇಗಿದ್ದೀತು ಎಂದು ಇವತ್ತು ಊಹಿಸಬೇಕಾದರೆ ನಾವು ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡುಗಳಿಗೆ ಕಿವಿಗೊಡಬೇಕು. ಮೊಮ್ಮಗನ ಮುಖ ನೋಡಿ ಅಜ್ಜನ ಚಹರೆ ಊಹಿಸಿದ ಹಾಗೆ.

ಇನ್ನೊಂದು ಉದಾಹರಣೆ ಗಂಗೂಬಾಯಿ ಹಾನಗಲ್ ಅವರದು. 1930ರ ದಶಕದ ಅವರ ಆರಂಭದ ತಟ್ಟೆಗಳ ಮೇಲೆ ಇರುವ ಹೆಸರು ಗಾಂಧಾರಿ ಹುಬಳೀಕರ್. ಆ ತಟ್ಟೆಗಳಲ್ಲಿ ಕೇಳಿಸುವುದು ತೆಳುವಾದ, ಎತ್ತರದ, ಚುರುಕಾದ ಹೆಣ್ಣುದನಿ. ಮುಂದೆ ಗಂಟಲಿಗೆ ಚಿಕಿತ್ಸೆಯಾಗಿ ಅವರ ದನಿ ಗಡುಸಾಯಿತು; ನಾವೆಲ್ಲ ಬಲ್ಲ ಗಂಗೂಬಾಯಿ ಆ ಗಡುಸು ದನಿಯವರು. ಆ ಹಳೆಯ ದನಿ ಅವರ ಗಂಟಲಲ್ಲಿ ಉಳಿಯಲಿಲ್ಲ, ತಟ್ಟೆಯಲ್ಲಿ ಉಳಿಯಿತು. ದನಿ ಎನ್ನುವುದು ಆಸ್ತಿಯಲ್ಲ, ಋತುವಿನ ಹಾಗೆ ಬಂದು ಹೋಗುವಂಥದು. "ಇನ್ನೂ ಸರಿಯಾಗಿಲ್ಲ, ಮುಂದೆ ನೋಡೋಣ" ಎಂದು ಮುಂದೂಡುವವರು ಈ ಎರಡು ದನಿಗಳನ್ನು ಒಂದಾದ ಮೇಲೊಂದು ಕೇಳಬೇಕು.

ಕಿವಿಯ ಹತ್ತಿರ ಬಂದ ಮೈಕು

1925ರ ಹೊತ್ತಿಗೆ ಕಹಳೆಯ ಜಾಗಕ್ಕೆ ವಿದ್ಯುತ್ ಮೈಕ್ರೋಫೋನು ಬಂದಿತು. ಇದು ಸದ್ದಿನ ಸುಧಾರಣೆ ಎಂದು ಎಲ್ಲರೂ ಹೇಳುತ್ತಾರೆ. ಧೈರ್ಯದ ಮಟ್ಟಿಗೂ ಅಷ್ಟೇ ದೊಡ್ಡ ಬದಲಾವಣೆ ಆಯಿತು. ಅಲ್ಲಿಯವರೆಗೆ ದೊಡ್ಡ ಗಂಟಲಿನವರದೇ ರಾಜ್ಯ. ಈಗ ಪಿಸುಮಾತೂ ಕೇಳಿಸತೊಡಗಿತು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿಯಂಥವರು ಎದುರು ಕೂತವರೊಂದಿಗೆ ಮಾತಾಡುವ ಹಾಗೆ ಮೆಲ್ಲಗೆ ಹಾಡಿ ಗೆದ್ದರು. ಸಣ್ಣ ದನಿಯವರಿಗೂ ಸಂಗೀತದಲ್ಲಿ ಜಾಗವಿದೆ ಎಂದಾದದ್ದು ಮೈಕಿನಿಂದ.

ಹತ್ತಿರ ಎಂಬುದರಲ್ಲಿ ಒಂದು ಸರಳವಾದ ಲೆಕ್ಕವಿದೆ. ಮೈಕಿಗೂ ಬಾಯಿಗೂ ನಡುವಿನ ದೂರ ಎರಡು ಪಟ್ಟಾದರೆ ನೇರವಾಗಿ ತಲುಪುವ ದನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮೇಜಿನಾಚೆ ಇಟ್ಟ ಫೋನಿನಲ್ಲಿ ನಮ್ಮ ಹಾಡು ಬಚ್ಚಲುಮನೆಯಲ್ಲಿ ಹಾಡಿದಂತೆ ಕೇಳುವುದು ಇದರಿಂದಲೇ. ಅದು ದನಿಯ ದೋಷವಲ್ಲ, ದೂರದ ದೋಷ. ಒಂದು ಗೇಣಿನಷ್ಟು ಹತ್ತಿರಕ್ಕೆ ಬಂದು, ನೇರ ಉಸಿರು ಬಡಿಯದ ಹಾಗೆ ಮೈಕನ್ನು ಚೂರು ಪಕ್ಕಕ್ಕೆ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ತಾರಕದಲ್ಲಿ ಮಾತ್ರ ಗೌಹರ್ ಜಾನ್ ಕಾಲದವರ ಹಾಗೆ ತುಸು ಹಿಂದೆ ಸರಿಯಬೇಕು. 120 ವರ್ಷದ ಹಿಂದಿನ ಆ ಬಾಗುವಿಕೆಯೇ ಇಂದಿಗೂ ಒಳ್ಳೆಯ ಗಾಯಕರ ಮೈಕಿನ ಶಿಸ್ತು.

ಗ್ಯಾರೇಜಿಗೆ ಮರಳಿದ ಹಾಡು

ಮನೆಗೆ ಮುದ್ರಣವನ್ನು ಮರಳಿ ತಂದವರಲ್ಲಿ ಮೊದಲ ಹೆಸರು ಗಿಟಾರ್ ವಾದಕ ಲೆಸ್ ಪಾಲ್. ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ತಾವೇ ಕಟ್ಟಿದ ಯಂತ್ರದಲ್ಲಿ ಒಂದು ಗಿಟಾರಿನ ಮೇಲೆ ಇನ್ನೊಂದು ಗಿಟಾರನ್ನು ಪೇರಿಸುತ್ತ ಹೋಗಿ, 1948ರಲ್ಲಿ 'ಲವರ್' ಎಂಬ ತಟ್ಟೆ ಹೊರತಂದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಬೆಳೆದಿದ್ದ ಮ್ಯಾಗ್ನೆಟಿಕ್ ಟೇಪಿನ ವಿದ್ಯೆ ಎರಡನೇ ಮಹಾಯುದ್ಧದ ಬಳಿಕ ಅಮೆರಿಕಕ್ಕೆ ಬಂದಿತ್ತು. ಬಿಂಗ್ ಕ್ರಾಸ್ಬಿ ಅದಕ್ಕೆ ಹಣ ಹಾಕಿದ್ದರು. ಆಂಪೆಕ್ಸ್ ಟೇಪ್ ಯಂತ್ರವೊಂದನ್ನು ಲೆಸ್ ಪಾಲ್‌ಗೆ ಕೊಟ್ಟವರೂ ಅವರೇ. ಲೆಸ್ ಪಾಲ್ ಮತ್ತು ಅವರ ಹೆಂಡತಿ ಮೇರಿ ಫೋರ್ಡ್ ಮನೆಯಲ್ಲೇ ಮುದ್ರಿಸಿದ 'ಹೌ ಹೈ ದ ಮೂನ್' 1951ರಲ್ಲಿ ಒಂಬತ್ತು ವಾರ ಅಮೆರಿಕದ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು.

ಅದರಲ್ಲಿ ಮೇರಿ ಫೋರ್ಡರ ದನಿಯೇ ಹಲವು ಪದರಗಳಲ್ಲಿ ಕೇಳಿಸುತ್ತದೆ. ಅವರ ಪದ್ಧತಿಯಲ್ಲಿ ಒಂದು ಅಪಾಯವಿತ್ತು. ಹೊಸ ಪದರ ಸೇರಿಸುವಾಗ ಹಳೆಯದರ ಮೇಲೆಯೇ ಬರೆಯಬೇಕು. ಹನ್ನೊಂದನೆಯ ಪದರದಲ್ಲಿ ಎಡವಿದರೆ ಹಿಂದಿನ ಹತ್ತೂ ಹೋದವು, ಮತ್ತೆ ಮೊದಲಿನಿಂದ. ಜೊತೆಗೆ ಪ್ರತಿ ಸಲ ನಕಲಾದಾಗಲೂ ಹಳೆಯ ಪದರ ತುಸು ಮಾಸುತ್ತದೆ. ಹಾಗಾಗಿ ಅವರು ಮುಖ್ಯವಲ್ಲದ ಭಾಗಗಳನ್ನು ಮೊದಲು, ಮುಖ್ಯ ದನಿಯನ್ನು ಕಟ್ಟಕಡೆಗೆ ಮುದ್ರಿಸುತ್ತಿದ್ದರು. ಯೋಚನೆ ಮಾಡಿ ಕೂತವರಿಗೆ ಮಾತ್ರ ಒಗ್ಗುವ ಕ್ರಮ ಇದು. ಇವತ್ತು ಫೋನಿನಲ್ಲಿ ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು. ಆ ಸೌಲಭ್ಯವೇ ನಮ್ಮನ್ನು ತಯಾರಿಯಿಲ್ಲದೆ ಹಾಡಲು ಕೂರಿಸಿ, ನಲವತ್ತು ಸಲ ಹಾಡಿಸಿ, ಕೊನೆಗೆ ದಣಿಸಿ ಎಬ್ಬಿಸುತ್ತದೆ.

ಧ್ವನಿಸುರುಳಿಯ ಕಾಲ

1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಪುಟ್ಟ ಕ್ಯಾಸೆಟ್ಟು ಈ ಕಥೆಯನ್ನು ಭಾರತದ ಮಧ್ಯಮವರ್ಗದ ಮನೆಯೊಳಕ್ಕೆ ತಂದಿತು. ಕನ್ನಡದಲ್ಲಿ ಅದರ ಮೊದಲ ದೊಡ್ಡ ಘಟನೆ 1978ರ 'ನಿತ್ಯೋತ್ಸವ': ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಸರು ಅದಕ್ಕಿದೆ. ಆ ಸುರುಳಿಗಳು ಊರು ಬಿಟ್ಟವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಕೂತು ಹೊರನಾಡಿಗೆ ಪ್ರಯಾಣ ಮಾಡಿದವು. ಅದೇ ಟೂ-ಇನ್-ಒನ್ನಿನಲ್ಲಿ ಒಂದು ಕೆಂಪು ಗುಂಡಿಯೂ ಇತ್ತು. ಅದನ್ನು ಒತ್ತಿ ಮನೆಯವರ ಮಾತು, ಹಬ್ಬದ ಹಾಡು ತುಂಬಿಸಿ ದೂರದೇಶಕ್ಕೆ ಕಳಿಸಿದ ಕುಟುಂಬಗಳು ಎಷ್ಟೋ. ಬರ್ಲಿನರನ ತಟ್ಟೆ ಕಿತ್ತುಕೊಂಡಿದ್ದ ಹಕ್ಕು ಹೀಗೆ ನಮ್ಮ ಪಡಸಾಲೆಗೆ ಹಿಂತಿರುಗಿತು.

ಅಮೆರಿಕದಲ್ಲಿ ಇದೇ ಕ್ಯಾಸೆಟ್ಟಿನಿಂದ ಇನ್ನೊಂದು ಸಂಗತಿ ನಡೆಯಿತು. 1979ರಲ್ಲಿ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಪದರ ಮುದ್ರಿಸುವ 'ಪೋರ್ಟಾಸ್ಟುಡಿಯೋ' ತಂದಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕೂತು, ಶೂರ್ ಕಂಪನಿಯ ಎರಡು ಸಾಧಾರಣ ಎಸ್ಎಂ57 ಮೈಕುಗಳಲ್ಲಿ, ಆ ಯಂತ್ರದ ಮೇಲೆ ಒಂದಿಷ್ಟು ಹಾಡು ಮುದ್ರಿಸಿದರು. ಉದ್ದೇಶ ಇಷ್ಟೇ: ತಂಡದವರಿಗೆ ಮಾದರಿ ಕೇಳಿಸುವುದು. ಕವರೂ ಇಲ್ಲದ ಆ ಕ್ಯಾಸೆಟ್ಟನ್ನು ವಾರಗಟ್ಟಲೆ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು. ಆಮೇಲೆ ನ್ಯೂಯಾರ್ಕಿನ ಒಳ್ಳೆಯ ಸ್ಟುಡಿಯೋದಲ್ಲಿ ಇಡೀ ತಂಡದೊಂದಿಗೆ ಅದೇ ಹಾಡುಗಳನ್ನು ಮುದ್ರಿಸಿದರೆ, ಸದ್ದು ಶುದ್ಧವಾಗಿ ಬಂದಿತು, ಹಾಡಿನ ಜೀವ ಮಾತ್ರ ಕ್ಯಾಸೆಟ್ಟಿನಲ್ಲೇ ಉಳಿಯಿತು. ಕೊನೆಗೆ ಆ ಕ್ಯಾಸೆಟ್ಟೇ 'ನೆಬ್ರಾಸ್ಕಾ' ಎಂಬ ಆಲ್ಬಮ್ಮಾಗಿ ಸೆಪ್ಟೆಂಬರಿನಲ್ಲಿ ಹೊರಬಂದಿತು.

ಇದನ್ನು ಓದಿ "ಹಾಗಾದರೆ ಸದ್ದು ಹೇಗಿದ್ದರೂ ನಡೆಯುತ್ತದೆ" ಎಂದುಕೊಳ್ಳಬಾರದು. ಆ ಕ್ಯಾಸೆಟ್ಟನ್ನು ತಟ್ಟೆಗೆ ಇಳಿಸಲು ತಂತ್ರಜ್ಞರು ಪಟ್ಟ ಪಾಡು ಸಣ್ಣದಲ್ಲ. ಗಮನಿಸಬೇಕಾದದ್ದು ಬೇರೆ. ಮಲಗುವ ಕೋಣೆಯಲ್ಲಿ ಗಂಟೆಯ ಬಾಡಿಗೆ ಓಡುತ್ತಿರಲಿಲ್ಲ, ಗಾಜಿನಾಚೆ ಕೂತು ಯಾರೂ ನೋಡುತ್ತಿರಲಿಲ್ಲ, ತಲೆಯ ಮೇಲೆ ಕೆಂಪು ದೀಪ ಉರಿಯುತ್ತಿರಲಿಲ್ಲ. ಇದು ಕಡೆಯ ರೂಪ ಎಂಬ ಭಾರವಿಲ್ಲದೆ ಹಾಡಿದ್ದರಿಂದಲೇ ಅದು ಕಡೆಯ ರೂಪವಾಯಿತು.

ಚೆನ್ನೈಯ ಒಂದು ಹಿತ್ತಲು

ನಮ್ಮ ಕಡೆಯ ಕಥೆಯೂ ಇದೆ. ಕನ್ನಡ ಚಿತ್ರಗೀತೆಗಳು ಬಹುಕಾಲ ಮದ್ರಾಸಿನ ಸ್ಟುಡಿಯೋಗಳಲ್ಲೇ ಮುದ್ರಣವಾಗುತ್ತಿದ್ದವು. ಹಾಡಿನ ಮಟ್ಟಿಗೆ ಕನ್ನಡವೂ ವಲಸೆಗಾರನೇ ಆಗಿತ್ತು. 1980ರ ದಶಕದಲ್ಲಿ ಶಂಕರ್‌ನಾಗ್, ಅನಂತನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಹಾಡನ್ನು ಮನೆಗೆ ತರುವ ಪ್ರಯತ್ನವೇ. ಅದೇ ದಶಕದ ಕೊನೆಗೆ, 1989ರಲ್ಲಿ, ಮದ್ರಾಸಿನಲ್ಲಿ ಜಾಹೀರಾತುಗಳಿಗೆ ಸಂಗೀತ ಕೊಡುತ್ತಿದ್ದ ಒಬ್ಬ ಯುವಕ ತನ್ನ ಮನೆಯ ಹಿತ್ತಲಿನಲ್ಲಿ ಚಿಕ್ಕ ಸ್ಟುಡಿಯೋ ಕಟ್ಟಿಕೊಂಡ. ಪಂಚತನ್ ರೆಕಾರ್ಡ್ ಇನ್ ಎಂದು ಅದರ ಹೆಸರು, ಯುವಕ ಎ.ಆರ್. ರೆಹಮಾನ್. 1992ರ 'ರೋಜಾ' ಅಲ್ಲಿಂದ ಹೊರಟಾಗ ಭಾರತೀಯ ಚಿತ್ರಸಂಗೀತದ ಸದ್ದೇ ಬದಲಾಯಿತು. ದೊಡ್ಡ ಸ್ಟುಡಿಯೋದಲ್ಲಿ ವಾದ್ಯಗೋಷ್ಠಿ ಒಟ್ಟಿಗೆ ಕೂತು ಹೊತ್ತಿನೊಳಗೆ ಮುಗಿಸಬೇಕಿದ್ದ ಕೆಲಸವನ್ನು ರೆಹಮಾನ್ ತಮ್ಮದೇ ಜಾಗದಲ್ಲಿ, ರಾತ್ರಿಯ ನಿಶ್ಶಬ್ದದಲ್ಲಿ, ಪದರ ಪದರವಾಗಿ ಮಾಡಿದರು. ಹೊಸಬನಿಗೆ ಪ್ರಯೋಗ ಮಾಡುವ ಧೈರ್ಯ ಕೊಟ್ಟದ್ದು ಆ ಹಿತ್ತಲು.

ಹಾಸಿಗೆಯ ಮೇಲೆ ಕೂತು

ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ. ಕಂಪ್ಯೂಟರು ಬಂದಿತು, 2000ದಲ್ಲಿ ಆಡಾಸಿಟಿ ಉಚಿತವಾಗಿ ಸಿಕ್ಕಿತು, 2004ರಲ್ಲಿ ಆಪಲ್ ಕಂಪನಿಯ ಗ್ಯಾರೇಜ್‌ಬ್ಯಾಂಡ್ ಬಂದಿತು. ಆ ಹೆಸರಿನಲ್ಲೇ ಲೆಸ್ ಪಾಲ್‌ರ ಗ್ಯಾರೇಜು ನೆನಪಾಗುತ್ತದೆ. ಲಾಸ್ ಏಂಜಲಿಸ್‌ನ ಮನೆಯ ಚಿಕ್ಕ ಮಲಗುವ ಕೋಣೆಯಲ್ಲಿ ಅಣ್ಣ ಫಿನಿಯಸ್ ಮುದ್ರಿಸಿದ, ತಂಗಿ ಬಿಲ್ಲಿ ಐಲಿಷ್ ಹಾಡಿದ 2019ರ ಆಲ್ಬಮ್ಮಿಗೆ ಮರುವರ್ಷ ಗ್ರ್ಯಾಮಿಯ ಅತ್ಯುನ್ನತ ಪ್ರಶಸ್ತಿಗಳು ಬಂದವು. ಬಹುಪಾಲು ಹಾಡುಗಳನ್ನು ಆಕೆ ಹಾಸಿಗೆಯ ಮೇಲೆ ಕೂತು, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿ, ಗುಟ್ಟು ಹೇಳುವ ಹಾಗೆ ಹಾಡಿದ್ದಾರೆ.

ಹಾಸಿಗೆ ಇಲ್ಲಿ ಬರೀ ಅಲಂಕಾರದ ವಿವರವಲ್ಲ. ಬೋಳುಗೋಡೆ, ಟೈಲ್ಸಿನ ನೆಲ, ಗಾಜಿನ ಕಿಟಕಿ ಇರುವ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ: 'ಟರ್ರ್' ಎಂದು ಮರುಸದ್ದು ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಾಟವಾಡುತ್ತಿದೆ ಎಂದರ್ಥ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಬೀರು ಆ ಚೆಂಡನ್ನು ಹಿಡಿದು ಕೂರಿಸುತ್ತವೆ. ಊರಿನಿಂದ ತಂದ ಕೌದಿಯೊಂದಿದ್ದರೆ ಅದನ್ನು ಹಾಡುವವರ ಬೆನ್ನ ಹಿಂದೆ ತೂಗುಹಾಕಿ. ಮುಂದಿರುವ ಮೈಕಿಗೆ ಕೇಳಿಸುವುದು ನಮ್ಮ ಹಿಂದಿನ ಗೋಡೆಯೂ ಹೌದಲ್ಲ. ಪದರ ಪದರ ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಮಾಡುವ ಕೆಲಸ, ದುಡ್ಡು ಕೊಟ್ಟು ತಂದು ಗೋಡೆಗೆ ಅಂಟಿಸುವ ತೆಳ್ಳನೆ ಫೋಮಿನಿಂದ ಆಗುವುದಿಲ್ಲ.

ಉಳಿದದ್ದು ಸಣ್ಣಪುಟ್ಟ ಶಿಸ್ತು. ಫ್ರಿಜ್ಜು, ಫ್ಯಾನು, ಪಕ್ಕದ ಮನೆಯ ಕುಕ್ಕರ್ ಸೀಟಿ, ಇವುಗಳ ಹೊತ್ತು ತಿಳಿದು ಕೂರುವುದು. ಮೊದಲು ಹಾಡಿನ ಅತಿ ಎತ್ತರದ ಸಾಲನ್ನು ಹಾಡಿ, ಮಾಪಕ ಕೆಂಪಿಗೆ ಏರದಷ್ಟು ಮಟ್ಟವನ್ನು ತಗ್ಗಿಸಿಕೊಳ್ಳುವುದು. ಡಿಜಿಟಲ್‌ನಲ್ಲಿ ಒಡೆದ ಸದ್ದನ್ನು ಆಮೇಲೆ ಜೋಡಿಸಲಾಗದು, ತಗ್ಗಿದ ಸದ್ದನ್ನು ಏರಿಸಬಹುದು. ಶ್ರುತಿಯನ್ನು ಹೆಡ್‌ಫೋನಿನ ಒಂದು ಕಿವಿಗೆ ಕೊಟ್ಟು ಇನ್ನೊಂದು ಕಿವಿಯನ್ನು ತೆರೆದಿಟ್ಟುಕೊಳ್ಳುವುದು. ಮೂರು ಸಲ ಪೂರ್ತಿ ಹಾಡಿ, ಎದ್ದು ನೀರು ಕುಡಿದು, ಮರುದಿನ ಕೇಳುವುದು. ಹಾಡಿದ ಕೂಡಲೇ ಕೇಳುವವರಿಗೆ ತಪ್ಪುಗಳು ಮಾತ್ರ ಕೇಳಿಸುತ್ತವೆ.

"ಇದು ನನ್ನ ದನಿಯೇ?"

ಈ ಪ್ರಶ್ನೆಗೆ ಉತ್ತರ ಶರೀರದಲ್ಲೇ ಇದೆ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಮೂಲಕ ಕಿವಿಗೆ ಬರುವುದರ ಜೊತೆಗೆ ತಲೆಯ ಮೂಳೆಗಳ ಮೂಲಕವೂ ಒಳಗಿವಿಗೆ ಹೋಗುತ್ತದೆ. ಮೂಳೆಯ ದಾರಿಯಲ್ಲಿ ಮಂದ್ರದ ಅಂಶ ಹೆಚ್ಚು. ಹಾಗಾಗಿ ನಮಗೆ ನಮ್ಮ ದನಿ ತುಂಬಿದಂತೆ, ಗಂಭೀರವಾಗಿ ಕೇಳಿಸುತ್ತದೆ. ರೆಕಾರ್ಡಿನಲ್ಲಿ ಮೂಳೆಯ ಪಾಲು ಇಲ್ಲ, ದನಿ ತೆಳ್ಳಗಾಯಿತೆನ್ನಿಸುತ್ತದೆ. ಆದರೆ ಲೋಕವೆಲ್ಲ ಇಷ್ಟು ವರ್ಷ ಕೇಳಿದ್ದು ಆ ತೆಳ್ಳನೆ ದನಿಯನ್ನೇ. ನಮ್ಮವರು ಮೆಚ್ಚಿದ್ದೂ ಅದನ್ನೇ. ಪರಕೀಯವೆಂದು ಅನ್ನಿಸುವುದು ನಮಗೊಬ್ಬರಿಗೆ ಮಾತ್ರ, ಅದೂ ಹತ್ತಾರು ಸಲ ಕೇಳುವವರೆಗೆ.

ನಾವು ಹೊರನಾಡಿನವರು ಇದನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಲು ಕಾರಣವಿದೆ. ಬೀಸುವ ಪದ, ಸೋಬಾನೆ ಪದ, ಆರತಿ ಹಾಡು, ಒಂದೊಂದು ಮನೆಗೆ ಒಂದೊಂದು ಧಾಟಿಯ ಜೋಗುಳ, ಇವು ಯಾವ ಕಂಪನಿಯ ತಟ್ಟೆಯಲ್ಲೂ ಪೂರ್ತಿ ಸಿಗುವುದಿಲ್ಲ. ಅವನ್ನು ಬಲ್ಲವರು ಊರಿನಲ್ಲಿದ್ದಾರೆ, ಇಲ್ಲವೇ ಮಕ್ಕಳ ಜೊತೆ ಇರಲೆಂದು ಬಂದು ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತಿದ್ದಾರೆ. ಕೇಳಿದರೆ "ನನಗೆಲ್ಲಿ ಬರ್ತದೆ, ದನಿ ಹೋಗಿದೆ" ಅನ್ನುತ್ತಾರೆ. ನಾವೂ ನಮ್ಮ ಬಗ್ಗೆ ಅದನ್ನೇ ಹೇಳಿಕೊಳ್ಳುತ್ತೇವೆ. ಅಲ್ಲಾದಿಯಾ ಖಾನರ ದನಿ ಇಲ್ಲದಿದ್ದರೂ ಅವರ ಪಾಠವನ್ನು ಹಿಡಿದ ಶಿಷ್ಯರಿದ್ದರು. ನಮ್ಮ ಮನೆಯ ಹಾಡುಗಳಿಗೆ ಅಂಥ ಶಿಷ್ಯರು ಎಷ್ಟು ಮಂದಿ ಉಳಿದಿದ್ದಾರೆ?

ಮೈಕು ಯಾವುದು ಕೊಳ್ಳಲಿ ಎಂದು ತಿಂಗಳುಗಟ್ಟಲೆ ಹುಡುಕುವವರು ಮೊದಲು ಈ ವಾರ ಕೈಲಿರುವ ಫೋನಿನಲ್ಲೇ ಮುದ್ರಿಸಲಿ. ಒಂದು ಗೇಣು ಅಂತರ, ಬೆನ್ನ ಹಿಂದೆ ಒಂದು ಕೌದಿ, ಮೊದಲೇ ಗೊತ್ತುಮಾಡಿಕೊಂಡ ಒಂದು ಹಾಡು. ಮುಗಿದ ಮೇಲೆ ಗೌಹರ್ ಜಾನ್ ಹಾಗೆ ಹೆಸರು, ಊರು, ದಿನಾಂಕ ಹೇಳಿಬಿಡಿ. ಅಳಿಸಬೇಡಿ. ಆ ದನಿ ಯಾರದು ಎಂದು ಮುಂದೆ ಕೇಳುವವರಿಗೆ ತಿಳಿಯಬೇಕಲ್ಲ.